ಮನಿಗಿ ಬಾರದ ಗಂಟು

ನಿನ್ನೆ ಎರಡು ಬಂದ್ವು. ಮುಂಜಾನಿ ಕಾಲುವಿಗಿ ನೀರು ಬಂತು, ಮಧ್ಯಾಹ್ನ ಖಾಜಾಭಾಯಿ ಬಾಯಿಲೆ ಯಂಕಮ್ಮನ ಮಾತು ಬಂತು.

ನೀರು ಬಂದದ್ದು ನನಗ ಮೊದಲು ಮೂಗಿಗಿ ತಿಳೀತು. ಬ್ಯಾಸಿಗಿ ತುಂಬ ಒಣಗಿ ಬಾಯಿ ಬಿಟ್ಟಿದ್ದ ಕಾಲುವ್ಯಾಗ ಮೊದಲನೇ ನೀರು ಹರಿದ್ರ ಒಂದು ವಾಸನಿ ಏಳ್ತದ ನೋಡ್ರಿ. ಮಳಿ ವಾಸನಿ ಅಲ್ಲ ಅದು, ಹೊಲದ ವಾಸನಿನೂ ಅಲ್ಲ. ಹಳೇ ಕೆಸರು, ಒಣ ಹುಲ್ಲು, ಸತ್ತ ಮೀನು, ಕಾದ ಕಲ್ಲು ಎಲ್ಲಾ ಕೂಡಿ ಮೂಗಿನ್ಯಾಗ ಕುಂದರ್ತಾವು. ಶಹಾಪುರದಾಗ ನಮ್ಮ ಮನಿ ಊರ ಕಡೀಕ, ಕಾಲುವಿ ಬಾಜೂಕ. ನಾ ಮಷೀನ್ ಮುಂದ ಕುಂತು ಯಾರದೋ ಜಂಪರ್ ಹೊಲಿಯಾಕತ್ತಿದ್ದೆ. ವಾಸನಿ ಬಂದದ್ದೇ ತಡ, ಕಾಲು ತಾವೇ ನಿಂತ್ವು.

ಒಳಗಿಂದ ಭೀಮಕ್ಕ ಕೂಗಿದ್ಳು: "ಕಮಲಾ, ಬಂದ್ಳಲ್ಲ!"

ಭೀಮಕ್ಕ ನನ್ನ ನೆಗೆಣ್ಣಿ, ನಮ್ಮ ಭಾವನ ಹೆಣ್ತಿ. ಒಂದೇ ಒಲಿ ಮುಂದ ಕುಂತು, ಒಬ್ಬರಿಗೊಬ್ಬರು ಬೈದಾಡಿ, ಒಂದೇ ತಾಟಿನ್ಯಾಗ ಉಂಡು, ಇಬ್ಬರೂ ತಲಿ ಬೆಳ್ಳಗ ಮಾಡ್ಕೊಂಡೀವಿ. ಆಕಿಗಿ ಈಗ ಕಣ್ಣು ಪೂರಾ ಕಾಣಂಗಿಲ್ಲ. ಆದ್ರ ಕಾಲುವಿಗಿ ನೀರು ಬಂದದ್ದು ನನಗಿಂತ ಮೊದಲು ಆಕಿಗೇ ಗೊತ್ತಾಗ್ತದ.

ಖಾಜಾಭಾಯಿ ನಮ್ಮ ಓಣ್ಯಾವರು, ಜೀಪು ಇಟ್ಟಾರ, ಭಾಡಿಗಿ ಹೊಡೀತಾರ. ನಾರಾಯಣಪುರಕ್ಕ ಹೋಗಿ ಬಂದಿದ್ರು. "ಕಮಲಮ್ಮಾ, ಡ್ಯಾಮ್ ಹಂತೇಕ ಯಂಕಮ್ಮ ಸಿಕ್ಕಿದ್ಳು. ಹಳೇ ಮನಿ ಕೆಡವಿ ಹೊಸಾದು ಕಟ್ಟಸಾಕತ್ಯಾಳಂತ. ನಿಮ್ಮ ಗಂಟು ಅಟ್ಟದ ಮ್ಯಾಲ ಹಂಗೇ ಅದ, ಏನು ಮಾಡಬೇಕು ಕೇಳ್ರಿ ಅಂದಾಳ. ನಾಳೆ ಮತ್ತ ಆ ಕಡಿ ಹೊಂಟೀನಿ. ತರಲೇನು?" ಅಂದ್ರು.

ಭೀಮಕ್ಕನ್ನ ಕೇಳಿ ಹೇಳ್ತೀನಿ ಅಂದೆ. ಆ ಗಂಟು ಆ ಮನಿ ಅಟ್ಟದ ಮ್ಯಾಲ ಯಾಕ ಕುಂತದ ಅಂತ ತಿಳೀಬೇಕಂದ್ರ ಒಂದು ಇಡೀ ಮಳಿಗಾಲ ಹೇಳಬೇಕಾಗ್ತದ. ಹೇಳ್ತೀನಿ, ಕೇಳ್ರಿ.

ಭೀಮಕ್ಕನ ಕಣ್ಣಿನ ಸುದ್ದಿ ಮೊದಲು ಹೇಳಿದ್ದು ರಂಗೋಲಿ. ಓಣ್ಯಾಗ ಆಕಿಯಂಗ ರಂಗೋಲಿ ಹಾಕೋರು ಇದ್ದಿಲ್ಲ. ಬಾಗಲ ಮುಂದಿನ ಶಾಬಾದಿ ಕಲ್ಲಿನ ಮ್ಯಾಲ ಚುಕ್ಕಿ ಇಟ್ಟು ಗೆರಿ ಎಳದ್ರ ಹಾದಿ ಮಂದಿ ನಿಂತು ನೋಡಬೇಕು. ಆ ಬ್ಯಾಸಿಗ್ಯಾಗ ಆಕಿ ಅಂಚಿನ ಚುಕ್ಕಿ ಬಿಡಾಕ ಹತ್ತಿದ್ಳು. ನಡುವಿನ ಹೂವು ಬರೋಬ್ಬರಿ, ಸುತ್ತಿನ ಬಳ್ಳಿ ಹರಕು. ನಮ್ಮತ್ತಿ ನೋಡಿ, "ಏನವ್ವಾ, ರಂಗೋಲಿ ಪುಡಿ ಉಳಸಾಕತ್ತೀ ಏನು?" ಅಂತ ಕಾಡಸಿದ್ಳು. ಭೀಮಕ್ಕ ನಕ್ಕು, "ಅಲ್ಲಿ ಹಾಕೀನಲ್ಲತ್ತಿ" ಅಂದ್ಳು. ಹಾಕಿದ್ದಿಲ್ಲ.

ಕಲಬುರಗಿ ದವಾಖಾನಿಗಿ ನಾನೇ ಕರ್ಕೊಂಡು ಹೋದೆ. ಡಾಕ್ಟರ್ ಒಳ್ಳೇವರು, ಮೆತ್ತಗ ಹೇಳಿದ್ರು. ಕಣ್ಣಿನ ನರ ಒಣಗಾಕತ್ತಾವು, ನೋಟ ಸುತ್ತಲಿಂದ ಮುಚ್ಚಿಗೋತ ಬರ್ತದ, ಹೋದದ್ದು ಹೊಳ್ಳಿ ಬರಂಗಿಲ್ಲ, ಇರೋದು ಆದಷ್ಟು ದಿನ ಉಳಸ್ಕೊಳ್ಳೋಣ. "ಮುಂದಿನ ವರ್ಷ ಇಷ್ಟೊತ್ತಿಗಿ ಕಾಣ್ತದೇನ್ರಿ?" ಅಂತ ಭೀಮಕ್ಕನೇ ಕೇಳಿದ್ಳು. ಅವರು ಔಷಧದ ಚೀಟಿ ಬರಕೋತ ತಲಿ ಎತ್ತಲಿಲ್ಲ.

ಹೊಳ್ಳಿ ಬರುವಾಗ ಬಸ್ಸಿನ್ಯಾಗ ಆಕಿ, ಊರು ಹತ್ರ ಬಂದು, ಕಾಲುವಿ ಬ್ರಿಜ್ ದಾಟುವಾಗ ನನ್ನ ಕೈ ಹಿಡಕೊಂಡು ಅಂದ್ಳು: "ಕಮಲಾ, ನಾ ಭೀಮಾ ದಂಡ್ಯಾಗ ಹುಟ್ಟಿ, ಭೀಮಾ ಹೆಸರು ಇಟ್ಕೊಂಡಾಕಿ. ಈ ಮನಿಗಿ ಬಂದ ಮ್ಯಾಲ ಕೃಷ್ಣಾ ನೀರಿಲೆ ಬೆಳದ ಅನ್ನ ಉಂಡೀನಿ. ಎಷ್ಟು ವರ್ಷ ಉಂಡೀನಿ! ಆಕಿ ಮಾರಿ ಮಾತ್ರ ಒಮ್ಮೆನೂ ನೋಡಿಲ್ಲ. ಒಂದೇ ದಿನದಾಗ ಇಬ್ಬರನೂ ನೋಡಬೇಕವ್ವಾ. ಮುಂಜಾನಿ ತವರುಮನಿ ಹೊಳಿ, ಸಂಜಿಯೊಳಗ ಗಂಡನಮನಿ ಹೊಳಿ. ಆಮ್ಯಾಲ ದೀಪ ಆರಿದ್ರ ಆರ್ಲಿ."

"ಒಂದೇ ದಿನ ಯಾಕಕ್ಕ? ಒಂದು ಇವತ್ತು, ಇನ್ನೊಂದು ಮುಂದಿನ ತಿಂಗಳ ನೋಡಿದ್ರ ಆಗಂಗಿಲ್ಲೇನು?"

"ಬ್ಯಾರೆ ಬ್ಯಾರೆ ದಿನ ನೋಡಿದ್ರ ಬ್ಯಾರೆ ಬ್ಯಾರೆ ಮರೀತೀನಿ. ಜೋಡೀಲೆ ನೋಡಿದ್ರ ಜೋಡೀಲೆ ಉಳೀತಾರ" ಅಂದ್ಳು.

ಅವತ್ತಿನಿಂದ ನಮ್ಮ ಮನ್ಯಾಗ ಬ್ಯಾರೆ ಮಾತೇ ಇಲ್ಲ. ಮಳಿಗಾಲ ಸುರು ಮಾಡೋ ಮಿರಗ ಮಳಿ ಹನಿ ಹಾಕಿತ್ತು. ಗಂಡಸರು ಉಂಡು ಮಾರ್ಕೆಟ್ಟಿಗಿ ಹೋದ್ರಂದ್ರ ನಾವು ಮೂರೂ ಮಂದಿ, ಅತ್ತಿ, ಭೀಮಕ್ಕ, ನಾನು, ಪಡಸಾಲ್ಯಾಗ ಕುಂತು ಹಾದಿ ಹಾಕ್ತಿದ್ದೆವು. ಭೀಮಕ್ಕ ಕರೀ ಕಲ್ಲಿನ ಮ್ಯಾಲ ರಂಗೋಲಿಲೆ ರಸ್ತಾ ಎಳದ್ಳು. ಯಾದಗಿರಿ ಇರೋ ಜಾಗಾದಾಗ ಒಂದು ಚಿಟಿಗಿ ತೊಗರಿ ಇಟ್ಳು. ಶಹಾಪುರಕ್ಕ ಭತ್ತ. ವಡಗೇರಾಕ್ಕ ಒಂದು ಕೆಂಪ ಮೆಣಸಿನಕಾಯಿ. ಸುರಪುರಕ್ಕ ಒಂದು ಹತ್ತಿ ಅರಳು. ಹೊಳಿ ಎರಡೂ ನನ್ನ ಪಾಲಿಗಿ ಬಂದ್ವು. ಮಷೀನಿನ ಡಬ್ಬ್ಯಾಗ ನೀಲಿ ದಾರ ಇತ್ತು. ಮೂಡಲ ಕಡಿ ಒಂದು ಎಳಿ ಭೀಮಾ, ಪಡುವಲ ಕಡಿ ಎರಡೆಳಿ ಹೊಸೆದು ದಪ್ಪ ಮಾಡಿ ಕೃಷ್ಣಾ. ಭೀಮಕ್ಕಗ ಸಿಟ್ಟು ಬಂತು: "ನನ್ನ ತವರಿನ ಹೊಳಿ ಸಣ್ಣದೇನ?" ಅದಕ್ಕೂ ಒಂದೆಳಿ ಕೂಡಸಿದೆ, ಜಗಳ ಮುಗೀತು.

ದಿನಾ ಅಳಸೋದು, ದಿನಾ ಹಾಕೋದು. ಒಮ್ಮೆ ಕೋಳಿ ಒಳಗ ಹೊಕ್ಕು ಶಹಾಪುರ ತಿಂದು ಹೋಯ್ತು. ಅತ್ತಿ ಕೋಲು ತಗೊಂಡು ಯಾದಗಿರಿತನಕ ಬೆನ್ನು ಹತ್ತಿದ್ಳು. ಭೀಮಕ್ಕ ನಕ್ಕ ನಗಿ ಈಗೂ ನನ್ನ ಕಿವ್ಯಾಗ ಅದ. ಹೊರಗ ಜಿಟಿ ಜಿಟಿ ಮಳಿ, ಒಳಗ ಆಕಿ ಬೆರಳು ದಾರದ ಮ್ಯಾಲ ಮೆಲ್ಲಕ ಹರಿದಾಡೋದು, "ಇಲ್ಲಿ ಚಾ ಕುಡಿಯೋಣ, ಇಲ್ಲಿ ಗುಡ್ಡ ನೋಡೋಣ, ಇಲ್ಲಿ ಗಾಡಿ ನಿಲ್ಲಿಸ್ರಿ ಅನ್ನೋಣ" ಅಂತ ಹಾಡಿದಂಗ ಅನ್ನೋದು. ಎಷ್ಟೋ ಸಲ ನನಗ ನಾವು ಹೋಗೇ ಬಂದೀವಿ ಅನಸ್ತಿತ್ತು. ಒಲಿ ಮ್ಯಾಲಿನ ಬ್ಯಾಳಿ ಹೊತ್ತಿ ವಾಸನಿ ಬಂದಾಗ ಎಚ್ಚರ.

ನಾ ಮೊಬೈಲಿನ್ಯಾಗ ನಾರಾಯಣಪುರದ ಕೃಷ್ಣಾ ಡ್ಯಾಮಿನ ಫೋಟೋ ತೋರಸಿದೆ. ಸೂರ್ಯ ಮುಳುಗೋ ಹೊತ್ತು, ನೀರೆಲ್ಲಾ ಕುಂಕುಮ ಚೆಲ್ಲಿದಂಗ. ಅತ್ತಿ ಬಾಯಿ ತೆರೆದು ನೋಡಿದ್ಳು. "ಇದೇ ಹೊತ್ತಿಗಿ ಮುಟ್ಟಬೇಕು ನೋಡು" ಅಂತ ನಾನಂದೆ, ಹೌದೌದು ಅಂತ ಅತ್ತಿ ಅಂದ್ಳು, ಕಟ್ಟಿ ಮ್ಯಾಲ ಕುಂತಿದ್ದ ಖಾಜಾಭಾಯಿನೂ "ಬರೋಬ್ಬರಿ ಹೊತ್ತಿಗಿ ಮುಟ್ಟಸ್ತೀನಿ" ಅಂದ್ರು. ಭೀಮಕ್ಕ ಮೊಬೈಲ್ ಕಣ್ಣಿನ ಹತ್ರ ಹಿಡಕೊಂಡು ಭಾಳೊತ್ತು ನೋಡಿದ್ಳು. ಹೊಳ್ಳಿ ನನ್ನ ಕೈಯಾಗ ಇಟ್ಳು.

ಹಾದಿ ಆಯ್ತು, ಗಾಡಿ ಆಯ್ತು, ಇನ್ನ ದಿನ ಹಿಡೀಬೇಕು. ಅಲ್ಲೇ ನೋಡ್ರಿ ಗಾಲಿ ಹುಗಿದದ್ದು.

ನಮ್ಮತ್ತಿ ವಾರ ನೋಡದ ಹೊಸ್ತಿಲ ದಾಟೋ ಹೆಣಮಗಳಲ್ಲ. ಸೋಮವಾರ ಶನಿವಾರ ಮೂಡಣಕ್ಕ ಹೋಗಬಾರದು. ಮಂಗಳವಾರ ಬುಧವಾರ ಬಡಗಣ ಬ್ಯಾಡ. ಬ್ಯಾಸ್ತವಾರ ತೆಂಕಣ ಬ್ಯಾಡ. ಶುಕ್ರವಾರ ಐತವಾರ ಪಡುವಣ ಬ್ಯಾಡ. ಮಂದಿ ಒಂದು ಕಡಿ ಹೋಗ್ತಾರ, ಅವರಿಗಿ ಒಂದು ವಾರ ತಪ್ಪಿದ್ರ ಇನ್ನೊಂದು ವಾರ ಸಿಗ್ತದ. ನಾವು ಹೊಂಟದ್ದು ನಾಕೂ ಕಡಿ! ಭೀಮಾ ಮೂಡಣಕ್ಕ. ಅದೂ ನೆಟ್ಟಗಿಲ್ಲ, ಜರಾ ಬಡಗಣಕ್ಕ ಸರದದ. ಸುರಪುರ ತೆಂಕಣಕ್ಕ. ನಾರಾಯಣಪುರ ಪಡುವಣಕ್ಕ. ಅತ್ತಿ ಬೆರಳು ಮಡಚಿ ಮಡಚಿ ನೋಡಿದ್ಳು. ವಾರ ಮುಗದ್ವು, ದಿನ ಸಿಗಲಿಲ್ಲ.

"ಹಂಗಾರ ದೇವರು ಎಂಟನೇ ವಾರ ಮಾಡಬೇಕಾಗಿತ್ತು" ಅಂತ ನಾ ಸಿಟ್ಟಿಲೆ ಅಂದೆ.

"ಬಾಯಿ ಮುಚ್ಚು. ಹೊಂಟದ್ದು ಕಣ್ಣಿನ ಸಲುವಾಗಿ. ಕೆಟ್ಟ ವಾರ ಹೊಂಟು ಹಾದ್ಯಾಗೇ ಕಣ್ಣು ಹೋದ್ರ ನೀ ಕೊಡ್ತೀಯೇನ?"

ಅತ್ತಿಗಿ ಹೆದರಿಕಿ ಇತ್ತು, ಹಟ ಅಲ್ಲ ಅದು. ಆಕಿ ಭೀಮಕ್ಕನ್ನ ಸೊಸಿ ಅಂತ ಯಾವತ್ತೂ ಕರದಾಕಿ ಅಲ್ಲ, ಮಗಳ ಅಂತಿದ್ಳು.

ಕಡೀಕ ಅತ್ತಿನೇ ದಾರಿ ಹುಡಿಕಿದ್ಳು. ಪರಸ್ತಾನ ಇಡೋಣ ಅಂದ್ಳು. ನಮ್ಮ ಕಡಿ ಹಿರೇರು ಮಾಡ್ತಾರ ಇದನ್ನ. ಹೋಗೋ ದಿನ ಛಲೋ ಇಲ್ಲಂದ್ರ, ಛಲೋ ದಿನ ನೋಡಿ, ಹೋಗೋರದು ಒಂದು ಗಂಟು ಕಟ್ಟಿ ಮಂದಿ ಮನ್ಯಾಗ ಇಟ್ಟು ಬರೋದು. ಗಂಟು ಹೊಸ್ತಿಲ ದಾಟಿತಂದ್ರ ಪ್ರಯಾಣ ಸುರು ಆದಂಗೇ ಲೆಕ್ಕ. ಆಮ್ಯಾಲ ಯಾವ ವಾರ ಹೊಂಟ್ರೂ ನಡೀತದ, ಗಂಟು ಎತ್ತಿಕೊಂಡು ಮುಂದ ಹೋಗೋದು ಅಷ್ಟೇ.

ಭೀಮಕ್ಕ ತನ್ನ ಒಂದು ಇಳಕಲ್ ಸೀರಿ ಮಡಚಿದ್ಳು. ಅದರಾಗ ಹಿಡಿ ಜ್ವಾಳ, ಅರಿಶಿಣ ಕೊಂಬು, ಅಡಕಿ, ಉತ್ತುತ್ತಿ ಇಟ್ಟು ಗಂಟು ಕಟ್ಟಿದ್ಳು. ಖಾಜಾಭಾಯಿ ಮನ್ಯಾಗ ಇಟ್ಟೆವು. ಅವರ ಹೆಣ್ತಿ ಗೂಡಿನ್ಯಾಗ ಹಸನ ಬಟ್ಟಿ ಹಾಸಿ ಇಟ್ಳು. ನಮ್ಮ ಪ್ರಯಾಣ ಸುರು ಆತು ಅಂತ ಅವತ್ತು ಮನ್ಯಾಗ ಶಿರಾ ಮಾಡಿ ಉಂಡೆವು.

ಇನ್ನ ಖಾಜಾಭಾಯಿ ಮಾಡಿದ ಉಪಕಾರ ಕೇಳ್ರಿ. ಆ ವಾರದಾಗೇ ಅವರಿಗಿ ನಾರಾಯಣಪುರಕ್ಕ ಒಂದು ಭಾಡಿಗಿ ಬಂತು. ಅವರು ವಿಚಾರ ಮಾಡಿದ್ರು. ಗಂಟು ಮುಂದ ಮುಂದ ಹೋದಷ್ಟು ಪ್ರಯಾಣಕ್ಕ ಛಲೋ ಅಲ್ಲೇನು? ಗಂಟು ಜೀಪಿನ ಮುಂದಿನ ಸೀಟಿನ ಮ್ಯಾಲ ಕುಂದರಸಿಕೊಂಡು ಹೋದ್ರು. ಕೃಷ್ಣಾ ದಂಡಿಗಿ ಒಯ್ದು ತೋರಸಿದ್ರು. ವಾಪಸ್ ಬಂದು ಸೀದಾ ನಮ್ಮ ಬಾಗಲದಾಗ ಗಾಡಿ ನಿಲ್ಲಿಸಿ, ಗಂಟು ಅತ್ತಿ ಕೈಯಾಗ ಇಟ್ಟು, ಮಾರಿ ತುಂಬ ನಕ್ಕೋತ ಅಂದ್ರು: "ಅವ್ವಾ, ನಿಮ್ಮ ಗಂಟು ಹೊಳಿ ನೋಡಿ ಬಂತು!"

ಅತ್ತಿ ಹಣಿ ಹಣಿ ಬಡಕೊಂಡ್ಳು. "ಅಯ್ಯ ನಿನ್ನ ಬಾಯಾಗ ಸಕ್ಕರಿ ಹಾಕ, ಪ್ರಯಾಣನೇ ಮುಗಿಸಿ ಬಂದ್ಯಲ್ಲೋ ಖಾಜಾ! ಗಂಟು ಹೋತು, ಹೊಳಿ ಕಂಡ್ತು, ಮನಿಗಿ ಬಂತು. ಇನ್ನೇನು ಉಳೀತು? ಗಂಟು ಮನಿಗಿ ಬಂದ್ರ ಪ್ರಯಾಣ ಮುಗದಂಗ!"

ಖಾಜಾಭಾಯಿ ಮಾರಿ ಸಣ್ಣದಾತು. "ನನಗೇನು ಗೊತ್ರಿ ಅವ್ವಾ, ಛಲೋ ಆಗ್ಲಿ ಅಂತ ಒಯ್ದೆ" ಅಂದ್ರು. ಭೀಮಕ್ಕ ಗಂಟು ಇಸ್ಕೊಂಡು ಮೂಗಿಗಿ ಹಿಡದು ನೋಡಿದ್ಳು. "ಇರ್ಲಿ ಬಿಡ್ರಿ. ನನ್ನ ಸೀರಿಗ್ಯಾದ್ರೂ ಹೊಳಿ ಕಂಡ್ತಲ್ಲ" ಅಂತ ನಕ್ಕಳು.

ಮತ್ತೊಂದು ಛಲೋ ದಿನ ಸಿಗೋದ್ರಾಗ ಮಳಿ ಜೋರಾತು. ಮ್ಯಾಲಿನ ದೇಶದಾಗ ಸುರದು ಭೀಮಾ ಉಕ್ಕಿ ಬಂದ್ಳು. ಭೀಮಕ್ಕನ ತವರೂರಿನ ರಸ್ತಾ ನೀರಾಗ ಮುಳುಗಿತು. ತಮ್ಮ ಫೋನ್ ಮಾಡಿ, "ಅಕ್ಕಾ, ಸದ್ಯಕ್ಕ ಬರಬ್ಯಾಡ, ಹೊಳಿ ಮಾರುತಿ ಗುಡಿ ಕಟ್ಟಿಗಿ ಬಂದಾಳ" ಅಂದ. ಮಘಿ ಹೋತು, ಪುಬ್ಬಿ ಹೋತು, ಉತ್ತರಿ ಹೋತು. ಒಂದೊಂದು ಮಳಿ ಹೋದಂಗ ಭೀಮಕ್ಕನ ನೋಟನೂ ಒಂದೊಂದು ಬೆರಳು ಒಳಗ ಸರೀತು. ಮೊದಲ ಕುಂತಲ್ಲೇ ಇಡೀ ನಕ್ಷಾ ನೋಡ್ತಿದ್ದಾಕಿ, ಈಗ ತೊಗರಿ ಕಂಡ್ರ ಹತ್ತಿ ಕಾಣಂಗಿಲ್ಲ. ತಲಿ ಹೊಳ್ಳಿಸಿ ಹೊಳ್ಳಿಸಿ ಒಂದೊಂದೇ ಊರು ಹುಡುಕಬೇಕು. ಸಂಜಿ ಮುಂದ ಗ್ವಾಡಿ ಹಿಡಕೊಂಡು ನಡೀತಿದ್ಳು. ದೀಪಕ್ಕ ಎಣ್ಣಿ ಹಾಕಂದ್ರ ನೆಲಕ್ಕ ಹಾಕ್ತಿದ್ಳು. ಇದನ್ನೆಲ್ಲ ನಾವೇ ಕಣ್ಣಾರೆ ನೋಡಾಕತ್ತಿದ್ದೆವು. ನೋಡಿನೂ ನಮಗ ತಿಳೀಬೇಕಾದ್ದು ತಿಳೀಲಿಲ್ಲ.

ನಾ ಆಗ ದೇವರಿಗಿ ಬೈದಷ್ಟು ಯಾರಿಗೂ ಬೈದಿಲ್ಲ. ಇಡೀ ಜಗತ್ತು ಕೇಳಿಲ್ಲ ಈ ಹೆಣಮಗಳು, ಎರಡು ಹೊಳಿ ಕೇಳ್ಯಾಳ, ಅಷ್ಟೂ ಕೊಡಾಕ ಆಗವಲ್ದೇನು ನಿನಗ ಅಂತ.

ಬನ್ನಿ ಹಬ್ಬದ ಮರುದಿನ ಗಂಟು ಎರಡನೇ ಸಲ ಹೊಸ್ತಿಲ ದಾಟಿತು. ಖಾಜಾಭಾಯಿ ಈ ಸಲ ಅದನ್ನ ಮುಟ್ಟಲಿಕ್ಕೇ ಹೆದರಿದ್ರು. ಹೊಳಿ ಇಳದು ರಸ್ತಾ ತೆರದಿತ್ತು. ಹತ್ತಿ ಬರೋ ಹಂಗಾಮು ಸುರು ಆಗಿ ಗಂಡಸರಿಗಿ ಪುರ್ಸೊತ್ತು ಇದ್ದಿಲ್ಲ. ನಾವೇ ಮೂರು ಮಂದಿ ಹೆಂಗಸರು ಖಾಜಾಭಾಯಿ ಜೀಪಿನ್ಯಾಗ ಹೊಂಟೆವು.

ಹೊಂಟ ದಿನ ಇನ್ನೂ ಕನಸಿನ್ಯಾಗ ಬರ್ತದ. ಬೆಳಗಾ ಮುಂಜಾನಿ ಮಂಜು, ಎರಡೂ ಬಾಜೂಕ ಹಾಲು ತುಂಬಿದ ಭತ್ತ, ಆ ಭತ್ತದ ವಾಸನಿ ಜೀಪಿನ್ಯಾಗ ತುಂಬಿತ್ತು. ಹಿಂದ ಮಲಗಿದ ಬುದ್ಧನ ಗುಡ್ಡ. ಊರಿಗಿ ಬಂದವರು ನಿಂತು ನೋಡ್ತಾರ, ನಾವು ದಿನಾ ಅರಬಿ ಒಣ ಹಾಕೋವಾಗ ನೋಡ್ತೀವಿ. ಭೀಮಕ್ಕ ಹೊಳ್ಳಿ ನೋಡಿ, "ಮೂಗು ಕಂಡ್ತು. ತಡೀರಿ, ಈಗ ಎದಿ. ಈಗ ಕಾಲು. ಮಲ್ಕೊಂಡಾನ ಪಾಪ, ಎಬ್ಬಸಬ್ಯಾಡ್ರಿ" ಅಂದ್ಳು.

ಯಾದಗಿರಿ ಹಂತೇಕ ಆಕಿ ತವರೂರು. ತಮ್ಮ ದಂಡಿಗೇ ಬಂದು ನಿಂತಿದ್ದ. ಭೀಮಾ ಕೆಂಪಗ, ಮೈ ತುಂಬಿಕೊಂಡು, ಮೆಲ್ಲಕ ಹೊಂಟಿದ್ಳು. ಹರಿಗೋಲಿನ್ಯಾಗ ಬಲಿ ಒಣಗಿದ್ವು. ಭೀಮಕ್ಕ ಮೊಣಕಾಲತನಕ ನೀರಿಗಿಳಿದು, ಬೊಗಸಿ ತುಂಬ ನೀರೆತ್ತಿ, ಅದರಾಗ ತನ್ನ ಮಾರಿ ಹುಡುಕಿದ್ಳು. "ಸಣ್ಣಾಕಿದ್ದಾಗ ಇದರಾಗೇ ಹಣಿ ಕುಂಕುಮ ನೋಡ್ಕೋತಿದ್ದೆ" ಅಂದ್ಳು. ತಮ್ಮನ ಹೆಣ್ತಿ ಉಡಿ ತುಂಬಿದ್ಳು. ಮೀನಿನ ಸಾರು, ಅನ್ನ ಮಾಡಿದ್ಳು. ನಾ ಹೊತ್ತು ನೋಡಿ ಚಡಪಡಸಾಕತ್ತಿದ್ದೆ. ಆದ್ರ ತವರಿನ ಅನ್ನ ಬಿಟ್ಟು ಏಳೋ ಎದಿ ಯಾರಿಗದ? ಒಂದು ತುತ್ತು ಅಂದ್ರು, ಮೂರು ಸಲ ನೀಡಿದ್ರು.

ವಾಪಸ್ ಹೋಗುವಾಗ ನಮ್ಮ ಓಣಿ ಮುಂದಿಂದೇ ಹಾಯಬೇಕು. ಮನಿಯೊಳಗ ಕಾಲಿಟ್ರ ಪ್ರಯಾಣ ಮುಗೀತು! ಅತ್ತಿ ಎಲಿ-ಅಡಕಿ ಚೀಲ ಮನ್ಯಾಗೇ ಮರತು ಬಂದಿದ್ಳು, ಮುಂಜಾನಿಯಿಂದ ಬಾಯಿ ಸಪ್ಪಗಾಗಿ ಎಲ್ಲಾರ ಮ್ಯಾಲ ಹರಿಹಾಯಾಕತ್ತಿದ್ಳು. ಭಾವ ಊಟಕ್ಕ ಬಂದವರು ಬಾಗಲದಾಗ ನಿಂತಿದ್ರು. "ಚೀಲ ಒಗೀಯೋ!" ಅಂತ ಅತ್ತಿ ಜೀಪಿನ್ಯಾಗಿಂದ ಚೀರಿದ್ಳು. ಅವರು ಓಡಿ ಒಳಗ ಹೋಗಿ, ಓಡಿ ಬಂದು, ಹೊಂಟ ಗಾಡ್ಯಾಗ ಚೀಲ ಒಗದ್ರು. ಸೀದಾ ಖಾಜಾಭಾಯಿ ತಲಿಗಿ ಬಡೀತು. ನಕ್ಕು ನಕ್ಕು ಹೊಟ್ಟಿ ಹಿಡಕೊಂಡೆವು.

ಸುರಪುರದಾಗ ಸಂತಿ ಮಂದಿ. ಗುಡ್ಡದ ಮೈಮ್ಯಾಲ ಮನಿ, ಮನಿ ಮ್ಯಾಲ ಮನಿ, ನಡುವ ಗಾಡಿ ಹಾಯೋದೇ ಕಷ್ಟ. ಮಿರ್ಚಿ ಬಜಿ ತಿಂದೆವು, ಚಾ ಕುಡದೆವು. ಅಲ್ಲಿಂದ ದಾಟಿ ಹೊರಗ ಬಿದ್ರ ಮುಂದ ರಸ್ತಾ ತುಂಬ ಕುರಿ. ಕಣ್ಣು ಹರಿಯೋತನಕ ಕುರಿ. ಖಾಜಾಭಾಯಿ ಹಾರ್ನ್ ಹೊಡದೇ ಹೊಡದ್ರು. ಕುರುಬ ಹೊಳ್ಳಿ ನೋಡಿ, "ಏನ್ರಿ ಸಾಹೇಬ್ರ, ಕುರಿಗಿ ಅವಸರ ಹೇಳಿಕೊಡ್ತೀರೇನು? ಬರ್ರಿ ಹಿಂದ ಹಿಂದ" ಅಂದ. ಹಿಂದ ಹಿಂದೇ ಹೋದೆವು. ಧೂಳಿನ್ಯಾಗ ಬಿಸಲು ಬಂಗಾರ ಆಗಿ, ಆಮ್ಯಾಲ ತಾಮ್ರ ಆಗಿ ಇಳಿಯಾಕತ್ತಿತು. ನನಗ ಖುಷಿ, ಸೂರ್ಯ ಮುಳುಗೋ ಹೊತ್ತಿಗಿ ಬರೋಬ್ಬರಿ ಮುಟ್ತೀವಿ ಅಂತ. ಭೀಮಕ್ಕ ನನ್ನ ತೊಡಿ ಮ್ಯಾಲ ಕೈ ಇಟ್ಟು, "ಇನ್ನಾ ಎಷ್ಟು ದೂರ ಅದ ಕಮಲಾ?" ಅಂತ ಕೇಳಿದ್ಳು. ಜರಾ ತಡದು ಮತ್ತ ಕೇಳಿದ್ಳು. ಆಮ್ಯಾಲ ಕೇಳಲಿಲ್ಲ.

ಡ್ಯಾಮಿನ ಹಂತೇಕ ಹೊಳಿ ದಂಡಿಗಿ ಗಾಡಿ ನಿಂತಾಗ ಫೋಟೋದಾಗ ಇದ್ದಂಗೇ ಇತ್ತು. ಆಕಾಶ ಕೆಂಪ, ನೀರು ಕೆಂಪ, ಬಂಡಿಗಲ್ಲಿನ ನಡುವ ಹೊಳಿ ಹರವಿಕೊಂಡು ಬಿದ್ದಾಳ. ನಾನೂ ಅತ್ತಿನೂ ಹುಡುಗೇರಂಗ ಚೀರಿದೆವು. "ನೋಡಕ್ಕಾ! ನೋಡು! ನಿನ್ನ ಕೃಷ್ಣಾ!"

"ಛಂದ ಅದ. ಭಾಳ ಛಂದ ಅದ" ಅಂದ್ಳು ಭೀಮಕ್ಕ.

ಹೊಳ್ಳಿ ನೋಡಿದೆ. ಆಕಿ ನಕ್ಕೋತ ನಿಂತಿದ್ಳು. ಮಾರಿ ಊರ ಕಡಿ ಇತ್ತು. ಹೊಳಿ ಆಕಿ ಬೆನ್ನಿಗಿತ್ತು.

ಹೋಗಿ ಆಕಿ ಎರಡೂ ಭುಜ ಹಿಡದೆ. "ಅಕ್ಕಾ, ಕಾಣಂಗಿಲ್ಲೇನ ನಿನಗ?"

"ಹೊತ್ತು ಇಳಿದ್ರ ನನಗೇನೂ ಕಾಣಂಗಿಲ್ಲಲ್ಲ ಕಮಲಾ" ಅಂದ್ಳು, ತಾನೇ ಏನೋ ತಪ್ಪು ಮಾಡಿದಂಗ. "ನೀವು ಎಲ್ಲಾರೂ ಸೂರ್ಯ ಮುಳುಗೋದು, ಸೂರ್ಯ ಮುಳುಗೋದು ಅಂತ ಕುಣಿಯಾಕತ್ತಿದ್ರಿ. ಜರಾ ಜಲ್ದಿ ಮುಟ್ಟಿದ್ರ ಬೆಳಕಿನ್ಯಾಗೇ ನೋಡ್ಕೋತೀನಿ ಅಂತ ಸುಮ್ಮನಿದ್ದೆ. ಇರ್ಲಿ, ಸಪ್ಪಳ ಕೇಳಾಕತ್ತದ. ಸಾಕು."

ಸಾಕಂತ! ಇಡೀ ಮಳಿಗಾಲ ಕುಂತು, ದಾರ ಹಾಸಿ, ಕಾಳು ಇಟ್ಟು, ವಾರ ನೋಡಿ, ಗಂಟು ಕಟ್ಟಿ, ಆಕಿಗಿ ಬೆಳಕು ಯಾವ ಹೊತ್ತಿಗಿ ಇರ್ತದ ಅನ್ನೋದೊಂದು ಬಿಟ್ಟು ಎಲ್ಲಾ ನೋಡಿದ್ದೆವು. ಕಣ್ಣಿಲ್ಲದವರು ಯಾರು, ಆಕಿಯೋ ನಾವೋ? ನಾ ಅಲ್ಲೇ ಕಲ್ಲಿನ ಮ್ಯಾಲ ಕುಂತು ಅತ್ತೆ. ಒಂದೇ ದಿನ ಅಂತ ಆಕಿ ಬೇಡಿಕೊಂಡಿದ್ಳು, ಆ ದಿನ ನಮ್ಮ ಕಣ್ಣಮುಂದೇ ಮುಳುಗಾಕತ್ತಿತ್ತು.

ಖಾಜಾಭಾಯಿ ತಲಿ ತಗ್ಗಿಸಿ, "ನಡೀರಿ ಅವ್ವಾ, ಮನಿ ಮುಟ್ಟೋದ್ರಾಗ ಕತ್ತಲಾಗ್ತದ. ದಿನ ಮುಗೀತು" ಅಂದ್ರು.

"ಯಾರಂದ್ರು ಮುಗೀತಂತ?" ಅತ್ತಿ ಧ್ವನಿ ಕೇಳಿ ನಾ ಅಳೋದು ನಿಲ್ಲಿಸಿದೆ. ಸೆರಗು ಸೊಂಟಕ್ಕ ಸಿಗಿಸಿ ನಿಂತಿದ್ಳು ಮುದುಕಿ. "ಗಂಟು ಎಲ್ಯದ?"

"ಗಾಡ್ಯಾಗ ಅದ್ರಿ."

"ಮನಿಗಿ ಹೋಗ್ಯದೇನು?"

"ಇಲ್ರಿ."

"ಹಂಗಾರ ಪ್ರಯಾಣ ಇನ್ನಾ ನಡದದ. ಹೊಂಟ ದಿನಾನೇ ನಡದದ. ಸೂರ್ಯ ಬೇಕಾದ್ರ ಮುಳಗ್ಲಿ, ಅವನಿಗಿ ತನ್ನ ಕೆಲಸ ಅದ. ನನ್ನ ಮಗಳು ನೋಡೋತನಕ ಈ ದಿನ ಮುಗಿಯಂಗಿಲ್ಲ. ತಗೀ ಗಂಟು!"

ಆ ಹೊತ್ತಿಗಿ ನಾ ನಮ್ಮತ್ತಿ ಕಾಲು ಹಿಡೀಬೇಕಾಗಿತ್ತು. ವಾರದ ಹೆಸರ ಹೇಳಿ ನಮ್ಮ ಜೀವ ತಿಂದಾಕಿ, ಅದೇ ಶಾಸ್ತ್ರ ಹಿಡದು ಸೂರ್ಯನ್ನೇ ಬದಿಗಿ ಸರಸಿದ್ಳು. ಖಾಜಾಭಾಯಿ ಮರುದಿನದ ಭಾಡಿಗಿಯವರಿಗಿ ಫೋನ್ ಹಚ್ಚಿ ಬರಂಗಿಲ್ಲ ಅಂದ್ರು. "ಗಂಟಿನ ಪಾಪ ನನ್ನ ಮ್ಯಾಲೊಂದು ಉಳದಿತ್ತು, ಇವತ್ತು ತೀರ್ಲಿ" ಅಂದ್ರು.

ದಂಡಿ ಮ್ಯಾಲಿನ ಮೊದಲನೇ ಮನಿನೇ ಯಂಕಮ್ಮಂದು. ಮೀನ ಹಿಡಿಯೋ ಮಂದಿ. ಬಾಗಲದಾಗ ನಿಂತು ಅತ್ತಿ, "ಪರಸ್ತಾನದ ಗಂಟು ಅದವ್ವಾ, ನಿಮ್ಮ ಮನ್ಯಾಗ ಇಡ್ತೀಯೇನು?" ಅಂದ್ಳು. ಯಾರು, ಯಾವೂರು, ಏನೂ ಕೇಳಲಿಲ್ಲ ಆಕಿ. ಗಂಟು ಎರಡೂ ಕೈಲೆ ಇಸ್ಕೊಂಡು, "ಗಂಟು ಬಂದ ಮ್ಯಾಲ ಮಂದಿ ಹೊರಗ ನಿಲ್ತಾರೇನು? ಒಳಗ ಬರ್ರಿ" ಅಂದ್ಳು. ಭೀಮಕ್ಕ ಭೀಮಾ ದಂಡಿ ಹೆಣಮಗಳು ಅಂತ ಗೊತ್ತಾದ ಮ್ಯಾಲಂತೂ ಅವರಿಬ್ಬರ ಮಾತು ಮೀನು, ಬಲಿ, ನೀರು ಅಂತ ನಿಲ್ಲಲೇ ಇಲ್ಲ.

ಮುಂಜಾನಿ ಹೊಳಿ ಮ್ಯಾಲ ಹೊಗಿಯಂಗ ಮಂಜು. ಯಂಕಮ್ಮ ಭೀಮಕ್ಕನ ಕೈ ಹಿಡದು ಬಂಡಿಗಲ್ಲಿನ ಮ್ಯಾಲ ಕುಂದರಸಿದ್ಳು. ನಾವು ಹಿಂದ ನಿಂತೆವು. ಬಿಸಲು ಏರಿತು, ಮಂಜು ಎದ್ದು ಹೋತು. ಭೀಮಕ್ಕ ಎಡಕಿಂದ ಬಲಕ್ಕ, ಅಕ್ಕಿ ಹಸನು ಮಾಡಿದಂಗ, ಮೆಲ್ಲಕ ಮಾರಿ ತಿರಗಿಸಿ ನೋಡಿದ್ಳು. ಒಂದು ತುಣುಕು ನೀರು, ಒಂದು ಕಲ್ಲು, ಒಂದು ಬೆಳ್ಳಕ್ಕಿ, ಮತ್ತ ನೀರು. ಒಂದು ಕಡಿಯಿಂದ ಇನ್ನೊಂದು ಕಡಿ ಮುಟ್ಟಿ, ಹೊಳ್ಳಿ ಮತ್ತ ಅಲ್ಲಿಂದ ಇಲ್ಲಿಗಿ ಬಂದ್ಳು. ಯಾರೂ ಅವಸರ ಮಾಡಲಿಲ್ಲ. ಅತ್ತಿ ಎಲಿ ಹಾಕೋದೂ ಮರತಿದ್ಳು.

ಕಡೀಕ ಆಕಿ ಹೊಳಿ ಜೋಡಿ ಮಾತಾಡಿದ್ಳು, ಬಾಜೂ ಮನ್ಯಾಕಿ ಜೋಡಿ ಮಾತಾಡಿದಂಗ. "ಇಷ್ಟು ದೊಡ್ಡಾಕಿ ಇದ್ದೀಯೇನ ತಾಯಿ? ನಮ್ಮ ಮನಿ ಕಾಲುವಿಗಿ ಎಷ್ಟು ಸಣ್ಣಾಕಿಯಾಗಿ ಬರ್ತಿದ್ದೀಯವ್ವಾ! ನನಗ ಗೊತ್ತೇ ಆಗಿದ್ದಿಲ್ಲ ನೋಡು."

ಹೊಂಡುವಾಗ ಯಂಕಮ್ಮ ಗಂಟು ತಂದು ಕೊಟ್ಳು. ಭೀಮಕ್ಕ ತಗೋಲಿಲ್ಲ. "ನಿಮ್ಮ ಮನ್ಯಾಗೇ ಇರ್ಲಿ" ಅಂದ್ಳು. ಅತ್ತಿ ಏನಾರ ಅಂತಾಳ ಅಂತ ನಾ ಆಕಿ ಮಾರಿ ನೋಡಿದೆ. ಅತ್ತಿ ಸುಮ್ಮನ ಹೋಗಿ ಜೀಪಿನ್ಯಾಗ ಕುಂತ್ಳು.

ಮುಂದಿನ ಮಿರಗ ಬರೋದ್ರಾಗ ಭೀಮಕ್ಕನ ಕಣ್ಣು ಪೂರಾ ಮುಚ್ಚಿದ್ವು. ಅತ್ತಿನೂ ಈಗ ಇಲ್ಲ. ವಾರ, ದಿಕ್ಕು ಅಂತ ನನ್ನ ಜೋಡಿ ಜಗಳ ಮಾಡೋರು ಯಾರೂ ಇಲ್ಲದ ಮನ್ಯಾಗ, ಯಾರರ ಒಬ್ರು ಜಗಳ ಮಾಡ್ಲಿ ಅನಸ್ತದ.

ನಿನ್ನೆ ಖಾಜಾಭಾಯಿ ಹೋದ ಮ್ಯಾಲ ಭೀಮಕ್ಕನ್ನ ಕಾಲುವಿ ದಂಡಿಗಿ ಕರ್ಕೊಂಡು ಹೋದೆ. ಮೆಟ್ಟಲ ಮ್ಯಾಲ ಕುಂತು, ಹೊಸ ನೀರಾಗ ಕಾಲು ಇಳಿಬಿಟ್ಳು. ಯಂಕಮ್ಮ ಹೇಳಿ ಕಳಸಿದ್ದು ಹೇಳಿದೆ. "ಎಷ್ಟು ವರ್ಷ ಮಂದಿ ಮನಿ ಅಟ್ಟದ ಮ್ಯಾಲ ಇಡೋದಕ್ಕ? ನಾಳೆ ಖಾಜಾಭಾಯಿ ಹೊಂಟಾರ. ತರಸಲೇನು?" ಅಂದೆ.

ಆಕಿ ಕಾಲಿಲೆ ನೀರು ಅತ್ತಿತ್ತ ಸರಿಸಿಕೋತ, ಮಾರಿ ಎಡಕಿಂದ ಬಲಕ್ಕ ಮೆಲ್ಲಕ ತಿರಗಿಸಿಕೋತ ಕುಂತಿದ್ಳು.

"ಬಾಜೂ ಮನ್ಯಾಗ ಇಡಂತ ಯಂಕಮ್ಮಗ ಹೇಳವ್ವಾ, ಹೊಸ ಮನಿ ಆದ ಮ್ಯಾಲ ಮತ್ತ ತಾನೇ ಇಟ್ಕೊಳ್ಲಿ" ಅಂದ್ಳು. "ಗಂಟು ಮನಿಗಿ ಬಂದ್ರ ಪ್ರಯಾಣ ಮುಗೀತದ ಕಮಲಾ. ನಾ ಇನ್ನಾ ನೋಡಾಕತ್ತೀನಿ."